ಇಪ್ಪತ್ತು ನಟ್ಟು ನಲವತ್ತಾದಾಗ

ಮಾರುತಿ ಜಿಮ್ನಿ ಗಾಡಿಗೆ ನಾಲ್ಕು ಚಕ್ರ, ಚಕ್ರಕ್ಕೆ ಐದು ನಟ್ಟು, ಒಟ್ಟು 20. ಅಚ್ಚಿನ ತುದಿಯ ಹಬ್ಬಿಗೂ ಚಕ್ರಕ್ಕೂ ನಡುವೆ 30 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಬಿಲ್ಲೆ, ಅಂದರೆ ವೀಲ್ ಸ್ಪೇಸರ್, ಕೂರಿಸಿದ ದಿನ ಅದು 40 ಆಗುತ್ತದೆ. ಹೊಸದಾಗಿ ಸೇರಿದ 20 ನಟ್ಟು ಚಕ್ರದ ಬೆನ್ನಿಗೆ ಅಡಗಿ ಕೂರುತ್ತವೆ. ಚಕ್ರ ಬಿಚ್ಚಿದರೆ ಮಾತ್ರ ಕಣ್ಣಿಗೆ ಬೀಳುತ್ತವೆ, ಪಾನಾಕ್ಕೆ ಸಿಗುತ್ತವೆ.

ಸಕಲೇಶಪುರದ ಕಡೆ ಕಾಫಿ ತೋಟ ಮಾಡಿಕೊಂಡಿರುವ ನಮ್ಮ ಭಾವ ಮಳೆಗಾಲಕ್ಕೆ ಮುಂಚೆ ತಮ್ಮ ಐದು ಬಾಗಿಲಿನ ಜಿಮ್ನಿಯನ್ನು 2 ಇಂಚು ಎತ್ತರಿಸಿದರು. 195/80 ಆರ್15 ಟಯರ್ ತೆಗೆದು 215/75 ಆರ್15 ಹಾಕಿದರು. ಗಾಡಿ ನೋಡಿದವರೆಲ್ಲ ‘ಎತ್ತರ ಆಯ್ತು, ಅಗಲ ಸಾಲದು’ ಅಂದರಂತೆ. ಮೂರನೇ ವಾರಕ್ಕೆ ನಾಲ್ಕು ಸ್ಪೇಸರ್ ಬಂತು. ಖರ್ಚೆಷ್ಟು ಎಂದು ಕೇಳಿದರೆ ಅವರು ಹೇಳಿದ್ದು ಸ್ಪೇಸರಿನ ಬೆಲೆಯೊಂದನ್ನೇ. ಉಳಿದ ಖರ್ಚನ್ನು ಅಳೆಯಲು ಟೇಪು, ಟಾರ್ಕ್ ಪಾನಾ, ಒಂದು ನೋಟ್‌ಬುಕ್ಕು ಹಿಡಿದು ಎರಡು ದಿನ ಅವರ ಅಂಗಳದಲ್ಲಿ ಕೂತೆ. ಆ ನೋಟ್‌ಬುಕ್ಕಿನ ಅಂಕಿಗಳನ್ನೇ ಇಲ್ಲಿ ಬಿಡಿಸಿಡುತ್ತಿದ್ದೇನೆ.

ಮೊದಲು ಕಂಪನಿ ಕೊಟ್ಟ ಅಳತೆ. 2023ರ ಜೂನ್‌ನಲ್ಲಿ ಬಿಡುಗಡೆಯಾದ ಈ ಗಾಡಿಯ ಅಗಲ 1,645 ಮಿ.ಮೀ., ಎತ್ತರ 1,720, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 2,590. ಎಡಚಕ್ರದ ನಡುಮಧ್ಯದಿಂದ ಬಲಚಕ್ರದ ನಡುಮಧ್ಯಕ್ಕೆ ಇರುವ ಅಗಲಕ್ಕೆ ಟ್ರ್ಯಾಕ್ ಅನ್ನುತ್ತಾರೆ. ಅದು ಮುಂದೆ 1,395, ಹಿಂದೆ 1,405. ಸರಾಸರಿ 1,400 ಎಂದಿಟ್ಟುಕೊಳ್ಳೋಣ. ಖಾಲಿ ಗಾಡಿ ಸುಮಾರು 1,200 ಕೆ.ಜಿ., ಜನ, ಸಾಮಾನು ತುಂಬಿದ ಮೇಲಿನ ಮಿತಿ 1,545 ಕೆ.ಜಿ. ನೆಲದಿಂದ ತಳಕ್ಕೆ 210 ಮಿ.ಮೀ.

ಈ 210ರ ವಿಷಯದಲ್ಲಿ ತುಂಬ ಜನ ತಪ್ಪು ತಿಳಿದಿದ್ದಾರೆ. 2 ಇಂಚಿನ ಲಿಫ್ಟ್ ಕಿಟ್ ಹಾಕಿದರೆ ಕ್ಲಿಯರೆನ್ಸ್ 260 ಆಗುತ್ತದೆ ಎಂದು ಭಾವನೂ ನಂಬಿದ್ದರು. ಜಿಮ್ನಿಯದು ಎರಡೂ ಕಡೆ ಗಟ್ಟಿ ಅಚ್ಚು. ಎಲ್ಲಕ್ಕಿಂತ ಕೆಳಗೆ ತೂಗುವುದು ಅಚ್ಚಿನ ಮಧ್ಯದ ಡಿಫರೆನ್ಷಿಯಲ್ ಗುಂಡು. ಉದ್ದನೆಯ ಸ್ಪ್ರಿಂಗ್ ಹಾಕಿದಾಗ ಮೇಲೇಳುವುದು ಮೈ ಮಾತ್ರ, ಅಚ್ಚು ಇದ್ದಲ್ಲೇ ಇರುತ್ತದೆ. ಅಚ್ಚನ್ನು ಎತ್ತಬಲ್ಲದ್ದು ಟಯರ್ ಒಂದೇ. ಹಳೆಯ ಟಯರಿನ ವ್ಯಾಸ 693 ಮಿ.ಮೀ., ಹೊಸದರದ್ದು 703.5. ಅದರ ಅರ್ಧ ಎಂದರೆ 5 ಮಿ.ಮೀ. ಚಿಲ್ಲರೆ. ಹೀಗೆ ಡಿಫರೆನ್ಷಿಯಲ್ ಅಡಿಯ ಜಾಗ 210ರಿಂದ 215ಕ್ಕೆ ಏರಿದೆ, ಅಷ್ಟೇ. ಲಿಫ್ಟಿನಿಂದ ಲಾಭ ಇರುವುದು ಬೇರೆ ಕಡೆ. ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗುವ ಕೋನ ಈ ಉದ್ದನೆಯ ಗಾಡಿಗೆ 24 ಡಿಗ್ರಿ ಮಾತ್ರ, ಅದು ಸುಧಾರಿಸುತ್ತದೆ. ತೋಟದ ಚರಂಡಿ ದಾಟುವಾಗ ಅದು ನಿಜಕ್ಕೂ ಬೇಕಾದ ಸುಧಾರಣೆ.

ಇನ್ನು ಸ್ಪೇಸರ್ ಯಾಕೆ ಬೇಕಾಯಿತು? ಅಂಗಡಿಯವರು ಎರಡು ಕಾರಣ ಕೊಟ್ಟಿದ್ದರು. ಅಗಲದ ಟಯರ್ ಒಳಗೆ ಉಜ್ಜುತ್ತದೆ ಎಂಬುದು ಒಂದು. ಎತ್ತರದ ಗಾಡಿ ಪಲ್ಟಿಯಾಗದಿರಲಿ ಎಂಬುದು ಇನ್ನೊಂದು.

ಉಜ್ಜುವ ಲೆಕ್ಕ ಸುಲಭ. ಟಯರ್ 195ರಿಂದ 215ಕ್ಕೆ ಹೋದಾಗ 20 ಮಿ.ಮೀ. ಅಗಲವಾಯಿತು. ಅದರಲ್ಲಿ 10 ಹೊರಕ್ಕೆ, 10 ಒಳಕ್ಕೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಯರಿನ ಒಳ ಅಂಚು, ಅಚ್ಚನ್ನು ಚಾಸಿಗೆ ಜೋಡಿಸುವ ರೇಡಿಯಸ್ ಆರ್ಮಿಗೆ 10 ಮಿ.ಮೀ. ಹತ್ತಿರ ಬರುತ್ತದೆ. ಕಳೆದುಕೊಂಡದ್ದು 10 ಆದರೆ ಮರಳಿ ಬೇಕಾದದ್ದೂ 10. ಹಾಗಿರುವಾಗ ಮೂರು ಪಟ್ಟು ದಪ್ಪದ ಬಿಲ್ಲೆ ಯಾಕೆ?

ಉತ್ತರ ಇರುವುದು ಗಾಡಿಯ ಅಗತ್ಯದಲ್ಲಲ್ಲ, ನಟ್ಟಿನ ಎತ್ತರದಲ್ಲಿ. ಬೋಲ್ಟ್ ಮಾಡುವ ಸ್ಪೇಸರನ್ನು ಮೊದಲು ಹಬ್ಬಿನ ಹಳೆಯ ಸ್ಟಡ್ಡುಗಳಿಗೆ ಐದು ನಟ್ಟಿನಿಂದ ಬಿಗಿಯುತ್ತಾರೆ. ಆಮೇಲೆ ಸ್ಪೇಸರಿನಲ್ಲೇ ಇರುವ ಐದು ಹೊಸ ಸ್ಟಡ್ಡಿಗೆ ಚಕ್ರ ಏರಿಸುತ್ತಾರೆ. ಒಳಗಿನ ನಟ್ಟು ಬಿಲ್ಲೆಯ ಗುಳಿಯೊಳಗೆ ಪೂರ್ತಿ ಮುಳುಗಬೇಕು, ಇಲ್ಲದಿದ್ದರೆ ಚಕ್ರ ಸಮನಾಗಿ ಕೂರದು. ನಟ್ಟಿಗೆ 15 ಮಿ.ಮೀ., ಅದರಡಿ ಉಳಿಯಬೇಕಾದ ಲೋಹಕ್ಕೆ ಕನಿಷ್ಠ 10, ಅಲ್ಲಿಗೆ 25 ಆಯಿತು. ಅದಕ್ಕೇ ಈ ಜಾತಿಯ ಸ್ಪೇಸರ್ ಹೆಚ್ಚಾಗಿ 25 ಅಥವಾ 30ರಿಂದಲೇ ಶುರುವಾಗುತ್ತದೆ. 10 ಮಿ.ಮೀ. ಸಾಕು ಎಂದವನಿಗೂ 30 ಸಿಗುವುದು ಹೀಗೆ.

10 ಮಿ.ಮೀ.ದೂ ಮಾರುಕಟ್ಟೆಯಲ್ಲಿದೆ. ತನ್ನದೇ ನಟ್ಟಿಲ್ಲದ, ಸುಮ್ಮನೆ ಸ್ಟಡ್ಡಿಗೆ ತೂರಿಸುವ ತೆಳು ಬಿಲ್ಲೆ ಅದು. ಅಗ್ಗ, ಆದರೆ ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ಅಪಾಯದ್ದು. ಈ ಗಾಡಿಯ ಸ್ಟಡ್ಡು 12 ಮಿ.ಮೀ. ದಪ್ಪ, ಮರೆ 1.25 ಮಿ.ಮೀ.ಗೊಂದು. ಸ್ಟಡ್ಡು ಎಷ್ಟು ದಪ್ಪವೋ ಅಷ್ಟು ಉದ್ದದ ಮರೆಯಾದರೂ ನಟ್ಟು ಕಚ್ಚಿರಬೇಕು ಎಂಬುದು ವರ್ಕ್‌ಶಾಪಿನ ಹಳೆಯ ನಿಯಮ. 12 ಮಿ.ಮೀ. ಎಂದರೆ ಒಂಬತ್ತೂವರೆ ಸುತ್ತು. ಈಗ ನಟ್ಟು 15 ಮಿ.ಮೀ. ಕಚ್ಚುತ್ತಿದೆ ಎಂದುಕೊಂಡರೆ 12 ಸುತ್ತು. 5 ಮಿ.ಮೀ. ಬಿಲ್ಲೆ ತೂರಿಸಿದರೆ 8 ಸುತ್ತು, 10 ಮಿ.ಮೀ. ತೂರಿಸಿದರೆ ಬರೀ 4. ಚಕ್ರ ಬಿಚ್ಚಿದಾಗ ನಟ್ಟನ್ನು ಕೈಯಿಂದ ತಿರುಗಿಸುತ್ತ ಸುತ್ತು ಎಣಿಸಿ ನೋಡಿ, ಸಂಶಯ ಅಲ್ಲೇ ಪರಿಹಾರವಾಗುತ್ತದೆ.

ಬರೀ ಉಜ್ಜುವುದೊಂದೇ ತೊಂದರೆಯಾಗಿದ್ದರೆ ಇನ್ನೂ ಸರಳ ದಾರಿ ಇತ್ತು. ಗಟ್ಟಿ ಅಚ್ಚಿನ ಗಾಡಿಯಲ್ಲಿ ಸ್ಟೀರಿಂಗ್ ಎಲ್ಲಿಯವರೆಗೆ ತಿರುಗಬೇಕು ಎಂದು ತಡೆಯುವ ಸ್ಟಾಪರ್ ಬೋಲ್ಟ್ ಇರುತ್ತದೆ. ಅದನ್ನು ಸ್ವಲ್ಪ ಹೊರಗೆ ತೆಗೆದರೆ ಟಯರ್ ತಾಗುವ ಮೊದಲೇ ಸ್ಟೀರಿಂಗ್ ನಿಲ್ಲುತ್ತದೆ. ತಿರುಗಲು ಬೇಕಾದ 5.7 ಮೀಟರ್ ತ್ರಿಜ್ಯ ಕೊಂಚ ಹೆಚ್ಚುತ್ತದೆ. ಖರ್ಚು ಅರ್ಧ ಗಂಟೆ.

ಪಲ್ಟಿಯ ಲೆಕ್ಕಕ್ಕೆ ಹೆಚ್ಚು ಹೊತ್ತು ಕೊಡಬೇಕು.

ಗಾಡಿ ಮಗುಚದೆ ನಿಲ್ಲುವ ಶಕ್ತಿಯನ್ನು ಒಂದು ಸರಳ ಭಾಗಾಕಾರದಿಂದ ಅಳೆಯುತ್ತಾರೆ. ಟ್ರ್ಯಾಕಿನ ಅಗಲವನ್ನು ಗುರುತ್ವಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2001ರಲ್ಲಿ ಈ ಅಂಕಿಯ ಮೇಲೆಯೇ ಗಾಡಿಗಳಿಗೆ ನಕ್ಷತ್ರ ಕೊಡಲು ಶುರುಮಾಡಿತು. 1.45 ಅಥವಾ ಮೇಲಿದ್ದರೆ ಐದು ನಕ್ಷತ್ರ, 1.04ರಿಂದ 1.12ರವರೆಗೆ ಎರಡು, 1.03 ಅಥವಾ ಕೆಳಗಿದ್ದರೆ ಒಂದು. ನಮ್ಮ ಮಾರುತಿ ಜಿಪ್ಸಿಯ ಒಡಹುಟ್ಟಾದ ಸುಜುಕಿ ಸಮುರಾಯ್ ಅನ್ನು ಅಲ್ಲಿನ ಗ್ರಾಹಕ ಪತ್ರಿಕೆ ‘ಕನ್ಸ್ಯೂಮರ್ ರಿಪೋರ್ಟ್ಸ್’ 1988ರಲ್ಲಿ ಮಗುಚುವ ಗಾಡಿ ಎಂದು ತಿರಸ್ಕರಿಸಿತ್ತು. ಸುಜುಕಿ 1996ರಲ್ಲಿ ಹೂಡಿದ ಮೊಕದ್ದಮೆ 2004ರಲ್ಲಿ ರಾಜಿಯಲ್ಲಿ ಮುಗಿಯಿತು. ಅಗಲ–ಎತ್ತರದ ಜಗಳ ಅಷ್ಟು ಹಳೆಯದು.

ಭಾವನ ಗಾಡಿಯ ಗುರುತ್ವಕೇಂದ್ರ ನೆಲದಿಂದ 650 ಮಿ.ಮೀ. ಎತ್ತರದಲ್ಲಿದೆ ಎಂದು ಲೆಕ್ಕಕ್ಕೆ ಹಿಡಿದೆ. ಸ್ಪ್ರಿಂಗಿನ ಕೆಳಗಿರುವ ಅಚ್ಚು, ಚಕ್ರ, ಬ್ರೇಕುಗಳಿಗೆ 250 ಕೆ.ಜಿ. ಬಿಟ್ಟೆ, ಯಾಕೆಂದರೆ ಲಿಫ್ಟು ಅವನ್ನು ಎತ್ತುವುದಿಲ್ಲ. ಉಳಿದ 950 ಕೆ.ಜಿ. 50 ಮಿ.ಮೀ. ಮೇಲೆದ್ದರೆ ಇಡೀ ಗಾಡಿಯ ಗುರುತ್ವಕೇಂದ್ರ 40 ಮಿ.ಮೀ. ಏರುತ್ತದೆ. ಟಯರಿನ 5 ಸೇರಿ 45. ಈಗ 695. ಈ ಎರಡು ಊಹೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಒಂದಕ್ಕೊಂದು ಹೋಲಿಸಿದಾಗ ಬರುವ ಚಿತ್ರ ಬದಲಾಗುವುದಿಲ್ಲ.

ಕಂಪನಿಯಿಂದ ಬಂದಂತೆ: 1,400 ಭಾಗ 1,300, ಅಂದರೆ 1.077, ಮಗುಚುವ ಕೋನ 47.1 ಡಿಗ್ರಿ.
ಲಿಫ್ಟು, ಟಯರ್ ಆದ ಮೇಲೆ: 1,400 ಭಾಗ 1,390, ಅಂದರೆ 1.007, ಕೋನ 45.2.
30 ಮಿ.ಮೀ. ಸ್ಪೇಸರ್ ಸೇರಿದ ಮೇಲೆ: 1,460 ಭಾಗ 1,390, ಅಂದರೆ 1.050, ಕೋನ 46.4.

ಕೋನಗಳನ್ನು ನೋಡಿ ಯಾರೂ 45 ಡಿಗ್ರಿಯ ಬರೆಯಲ್ಲಿ ಗಾಡಿ ಓಡಿಸಲು ಹೊರಡಬಾರದು. ಇದು ಸ್ಪ್ರಿಂಗೇ ಇಲ್ಲದ, ಕಲ್ಲಿನಂಥ ಗಾಡಿ ನಿಂತಲ್ಲೇ ಮಗುಚುವ ಕೋನ. ನಿಜವಾದ ಗಾಡಿ ಸ್ಪ್ರಿಂಗಿನ ಮೇಲೆ ಒಂದು ಬದಿಗೆ ವಾಲುತ್ತದೆ, ಚಲನೆಯಲ್ಲಿರುತ್ತದೆ, ಒಳಗೆ ಜನ ಇರುತ್ತಾರೆ. ಇದಕ್ಕಿಂತ ಎಷ್ಟೋ ಮೊದಲೇ ಉರುಳುತ್ತದೆ. ಆದರೂ ಹೋಲಿಕೆ ನಿಲ್ಲುತ್ತದೆ. ಲಿಫ್ಟು ಕಸಿದದ್ದು 1.9 ಡಿಗ್ರಿ, ಸ್ಪೇಸರ್ ಮರಳಿ ಕೊಟ್ಟದ್ದು 1.2. ಮೊದಲಿನ 1.077ಕ್ಕೆ ಪೂರ್ತಿ ಮರಳಬೇಕಾದರೆ ಟ್ರ್ಯಾಕ್ 97 ಮಿ.ಮೀ. ಅಗಲವಾಗಬೇಕು, ಬದಿಗೆ 48 ಮಿ.ಮೀ. ಸ್ಪೇಸರ್ ಬೇಕು.

ಈ 97 ಕೈಗೆ ಬಂದಾಗ ನನಗೆ ಜಿಪ್ಸಿ ನೆನಪಾಯಿತು. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಅಗಲ ಸಾಲದು ಎಂದು ಕಂಪನಿಯೇ 1993ರಲ್ಲಿ ಟ್ರ್ಯಾಕನ್ನು 90 ಮಿ.ಮೀ. ಹೆಚ್ಚಿಸಿ ಮುಂದೆ 1,300, ಹಿಂದೆ 1,310 ಮಾಡಿತು. ಎಂಜಿ410ಡಬ್ಲ್ಯು ಎಂಬ ಹೆಸರಿನ ಕೊನೆಯ ಅಕ್ಷರ ಆ ಅಗಲದ್ದೇ. ಅವರು ಅಗಲ ಮಾಡಿದ್ದು ಅಚ್ಚನ್ನು. ಚಕ್ರ ಹಬ್ಬಿಗೆ ಮೊದಲಿನ ಹಾಗೇ ಅಂಟಿ ಕೂತಿತು, ಬೇರಿಂಗು ತನ್ನ ಹಳೆಯ ಹೊರೆಯನ್ನೇ ಹೊತ್ತಿತು, ನಟ್ಟು 20 ಇದ್ದದ್ದು 20 ಆಗಿಯೇ ಉಳಿಯಿತು. ಸ್ಪೇಸರ್ ಅದೇ ಅಗಲವನ್ನು ಕಡಿಮೆ ದುಡ್ಡಿಗೆ ಕೊಡುತ್ತದೆ, ಆದರೆ ಅಚ್ಚಿನ ಕೆಲಸವನ್ನು ಸ್ಟಡ್ಡಿನ ತಲೆಗೆ ಹೊರಿಸುತ್ತದೆ.

ಭಾವನ ಗಾಡಿಯ ನೆತ್ತಿಯ ಮೇಲೆ ಒಂದು ಕ್ಯಾರಿಯರ್ ಇತ್ತು. ಅದರಲ್ಲಿ ಇನ್ನೊಂದು ಸ್ಟೆಪ್ನಿ, ಡೀಸೆಲ್ ಪಂಪಿನ ಸಾಮಾನು, ಹಗ್ಗ, ಟಾರ್ಪಾಲು. ಕ್ಯಾರಿಯರ್ ಸೇರಿ 60 ಕೆ.ಜಿ. ಎಂದು ತೂಗಿಕೊಂಡೆವು. ನೆಲದಿಂದ 1,900 ಮಿ.ಮೀ. ಎತ್ತರ. 1,200 ಕೆ.ಜಿ. 695ರಲ್ಲಿ, 60 ಕೆ.ಜಿ. 1,900ರಲ್ಲಿ, ಕೂಡಿಸಿ 1,260ರಿಂದ ಭಾಗಿಸಿದರೆ ಗುರುತ್ವಕೇಂದ್ರ 752ಕ್ಕೆ ಬಂದು ನಿಲ್ಲುತ್ತದೆ. ಅಂದರೆ 57 ಮಿ.ಮೀ. ಏರಿಕೆ. ಲಿಫ್ಟು ಮತ್ತು ಟಯರ್ ಎರಡೂ ಸೇರಿ ಏರಿಸಿದ್ದು 45 ಮಾತ್ರ! ಸ್ಪೇಸರ್ ಇದ್ದೂ ಭಾಗಲಬ್ಧ 0.971ಕ್ಕೆ ಇಳಿಯಿತು, ಕೋನ 44.2. ಸ್ಪೇಸರ್ ಕೊಟ್ಟ 1.2 ಡಿಗ್ರಿಯನ್ನು ನೆತ್ತಿಯ ಮೇಲಿನ 60 ಕೆ.ಜಿ. ನುಂಗಿ, ಮೇಲೆ ಇನ್ನೊಂದು ಡಿಗ್ರಿಯನ್ನೂ ನುಂಗಿತ್ತು.

ಈ ಲೆಕ್ಕ ನೋಡಿ ಭಾವ ಬಹಳ ಹೊತ್ತು ಮಾತಾಡಲಿಲ್ಲ. ‘ಹಂಗಾರೆ ದುಡ್ಡು ಕೊಟ್ಟು ತಂದದ್ದಕ್ಕಿಂತ ದುಡ್ಡಿಲ್ಲದೆ ಇಳಿಸೋದೇ ಹೆಚ್ಚಾಯ್ತಲ್ಲ ಮಾರಾಯ’ ಅಂದರು ಆಮೇಲೆ.

ಇನ್ನೊಂದು ಮಾತು. ಸ್ಪೇಸರ್ ಚಕ್ರಗಳನ್ನು ದೂರ ಮಾಡುತ್ತದೆ, ಸ್ಪ್ರಿಂಗುಗಳನ್ನಲ್ಲ. ತಿರುವಿನಲ್ಲಿ ಮೈ ಎಷ್ಟು ವಾಲಬೇಕು ಎಂದು ಹೇಳುವುದು ಸ್ಪ್ರಿಂಗುಗಳ ನಡುವಿನ ಅಂತರ. ಹೀಗಾಗಿ ಸ್ಪೇಸರ್ ಹಾಕಿದ ಮೇಲೆ ಗಾಡಿ ವಾಲುವುದು ನಿಂತಿತು ಎಂದು ಯಾರಾದರೂ ಹೇಳಿದರೆ, ಲಿಫ್ಟಿನ ಜೊತೆ ಬಂದ ಬಿರುಸಾದ ಶಾಕ್ ಅಬ್ಸಾರ್ಬರಿನ ಗುಣವನ್ನು ಅವರು ಸ್ಪೇಸರಿಗೆ ಕಟ್ಟುತ್ತಿದ್ದಾರೆ.

ಈಗ ಆ ಅಡಗಿದ 20 ನಟ್ಟಿನ ಮಾತಿಗೆ ಬರುತ್ತೇನೆ. ನಾನು ಹೋಗುವ ಹೊತ್ತಿಗೆ ಗಾಡಿ ಸ್ಪೇಸರಿನ ಮೇಲೆ ಸುಮಾರು 600 ಕಿ.ಮೀ. ಓಡಿತ್ತು. ನಿಧಾನಕ್ಕೆ ಹೋಗುವಾಗ ಹಿಂದಿನ ಎಡಚಕ್ರದಲ್ಲಿ ಟಕ್ ಟಕ್ ಎಂಬ ಸದ್ದು. ‘ಬಿಗಿ ಮಾಡಿದ್ದು ಯಾವಾಗ ಭಾವ?’ ಅಂದೆ. ‘ಹಾಕಿದ ದಿನ. ಮೆಕ್ಯಾನಿಕ್ ಪಾನಾ ಮೇಲೆ ಕಾಲಿಟ್ಟು ನಿಂತೇ ಬಿಗಿ ಮಾಡಿದ್ದಾನೆ’ ಅಂದರು. ಚಕ್ರ ಬಿಚ್ಚಿದೆವು. ಒಳಗಿನ ಐದರಲ್ಲಿ ಎರಡು ನಟ್ಟು ಪಾನಾ ಇಟ್ಟು ಬೆರಳಲ್ಲಿ ಒತ್ತಿದರೆ ತಿರುಗಿದವು. ಬಿಲ್ಲೆಯ ಕಪ್ಪು ಬಣ್ಣ ಹಬ್ಬಿಗೆ ತಾಗುವ ಮುಖದಲ್ಲಿ ಅಲ್ಲಲ್ಲಿ ನುಜ್ಜಾಗಿ ಅಚ್ಚೊತ್ತಿತ್ತು. ಹಬ್ಬಿನ ತುಕ್ಕಿನ ಚಕ್ಕೆ ಒಂದೆರಡು ನಡುವೆ ಸಿಕ್ಕಿಕೊಂಡಿದ್ದವು.

ಬಣ್ಣಕ್ಕೂ ನಟ್ಟು ಸಡಿಲವಾಗುವುದಕ್ಕೂ ಏನು ಸಂಬಂಧ? ಜಿಮ್ನಿಯ ಚಕ್ರದ ನಟ್ಟಿಗೆ ಹೇಳಿದ ಬಿಗಿ 100 ನ್ಯೂಟನ್ ಮೀಟರ್. ಒಣ ಮರೆಯಲ್ಲಿ ಆ ಬಿಗಿ ಒಂದು ಸ್ಟಡ್ಡನ್ನು ಸುಮಾರು 4.2 ಟನ್ ಬಲದಿಂದ ಎಳೆದು ಹಿಡಿಯುತ್ತದೆ. ಐದು ಸ್ಟಡ್ಡು ಸೇರಿ 21 ಟನ್. ಚಕ್ರ ನಿಂತಿರುವುದು ಈ ಒತ್ತಿನ ಮೇಲೆ. ಸ್ಟಡ್ಡು ಗೂಟದ ಹಾಗೆ ಭಾರ ಹೊರುವುದಿಲ್ಲ. ಅದು ಎರಡು ಮುಖಗಳನ್ನು ಒತ್ತಿ ಹಿಡಿಯುತ್ತದೆ, ಭಾರ ಹೊರುವುದು ಆ ಮುಖಗಳ ನಡುವಿನ ಘರ್ಷಣೆ. 21 ಟನ್ನಿನಲ್ಲಿ ಶೇ. 15ರಷ್ಟು ಘರ್ಷಣೆ ಸಿಕ್ಕರೂ 3 ಟನ್ನಿನ ಹಿಡಿತ. ತುಂಬಿದ ಗಾಡಿಯಲ್ಲಿ ಒಂದು ಚಕ್ರದ ಪಾಲು 386 ಕೆ.ಜಿ. ಮಾತ್ರ. ಹಿಡಿತ ಇರುವವರೆಗೆ ಸ್ಟಡ್ಡು ಮುರಿಯುವ ಪ್ರಶ್ನೆಯೇ ಇಲ್ಲ.

ಆದರೆ ಆ ಹಿಡಿತ ಎಷ್ಟು ಸೂಕ್ಷ್ಮದ್ದು ನೋಡಿ. ಬಿಗಿಯಾದ ಸ್ಟಡ್ಡು ರಬ್ಬರಿನ ಹಾಗೆ ಒಂಚೂರು ಹಿಗ್ಗಿರುತ್ತದೆ. 4.2 ಟನ್ ಬಲಕ್ಕೆ, 25 ಮಿ.ಮೀ. ಉದ್ದಕ್ಕೆ, ಆ ಹಿಗ್ಗು 0.055 ಮಿ.ಮೀ. ತಲೆಗೂದಲಿಗಿಂತ ಸಣ್ಣದು. ಪುಡಿಬಣ್ಣ ಸುಟ್ಟು ಕೂರಿಸಿದ ಪದರವೇ ಸಾಮಾನ್ಯವಾಗಿ 0.06ರಿಂದ 0.1 ಮಿ.ಮೀ. ದಪ್ಪ ಇರುತ್ತದೆ. ಅಷ್ಟು ಬಣ್ಣ ನುಜ್ಜಾಗಿ ಹೊರಗೆ ಹಿಂಡಿಹೋದರೆ ಸ್ಟಡ್ಡಿನ ಹಿಗ್ಗು ಪೂರ್ತಿ ಇಳಿಯಿತು, 4.2 ಟನ್ ಸೊನ್ನೆಯಾಯಿತು. ನಟ್ಟು ಒಂದು ಎಳೆಯಷ್ಟೂ ತಿರುಗಿರುವುದಿಲ್ಲ! ತಿರುಗಿ ಸಡಿಲವಾಗುವುದಾದರೂ ಲೆಕ್ಕ ಅಷ್ಟೇ ಚಿಕ್ಕದು. ಒಂದು ಸುತ್ತಿಗೆ 1.25 ಮಿ.ಮೀ. ಆದರೆ 0.055ಕ್ಕೆ 16 ಡಿಗ್ರಿ. ಆರು ಮೂಲೆಯ ನಟ್ಟಿನಲ್ಲಿ ಮೂಲೆಯಿಂದ ಮೂಲೆಗೆ 60 ಡಿಗ್ರಿ, ಅದರ ಕಾಲು ಭಾಗ ಹಿಂದೆ ಬಂದರೆ ಸಾಕು. ಕಣ್ಣಿಗೆ ಕಾಣುವ ಚಲನೆ ಅಲ್ಲ ಅದು.

ಒಮ್ಮೆ ಹಿಡಿತ ಹೋದ ಮೇಲೆ ಸ್ಟಡ್ಡು ಗೂಟವಾಗುತ್ತದೆ. ಚಕ್ರದ ಪ್ರತಿ ಸುತ್ತಿಗೂ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬಾಗುತ್ತದೆ. ಈ ಟಯರ್ ಒಂದು ಕಿ.ಮೀ.ಗೆ ಸುಮಾರು 450 ಸುತ್ತು ಹಾಕುತ್ತದೆ. ಹಾಸನಕ್ಕೆ ಹೋಗಿ ಬರುವಷ್ಟರಲ್ಲಿ, 80 ಕಿ.ಮೀ.ಗೆ, 36,000 ಬಾಗು. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುವುದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಸ್ಪೇಸರ್ ಹಾಕಿದ ಗಾಡಿಯ ಚಕ್ರ ಕಳಚಿತು ಎಂಬ ಸುದ್ದಿ ಕೇಳಿದಾಗಲೆಲ್ಲ ಜನ ಬಿಲ್ಲೆ ಒಡೆಯಿತು ಎಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲು ಸಂಶಯಪಡಬೇಕಾದದ್ದು ಸಡಿಲವಾದ ನಟ್ಟನ್ನು.

ಅಲ್ಯೂಮಿನಿಯಂ ಇನ್ನೊಂದು ಕಷ್ಟ ತರುತ್ತದೆ. ಬಿಸಿಗೆ ಅದು ಉಕ್ಕಿನ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ. ಶಿರಾಡಿ ಘಾಟಿಯನ್ನು ಬ್ರೇಕು ಒತ್ತುತ್ತ ಇಳಿದಾಗ ಹಬ್ಬು 80 ಡಿಗ್ರಿ ಬಿಸಿಯೇರಿತು ಎನ್ನಿ. ನಟ್ಟಿನಡಿಯ 12 ಮಿ.ಮೀ. ಲೋಹ ಉಕ್ಕಿಗಿಂತ 0.01 ಮಿ.ಮೀ. ಹೆಚ್ಚು ಹಿಗ್ಗುತ್ತದೆ. ಆ ಒತ್ತಿಗೆ ಮೆದು ಅಲ್ಯೂಮಿನಿಯಂ ನಟ್ಟಿನ ಕೆಳಗೆ ತುಸು ಕುಸಿದು ಕೂರುತ್ತದೆ. ಕೆಳಗೆ ಬಂದು ತಣ್ಣಗಾದಾಗ ಆ ಕುಸಿತದಷ್ಟು ಬಿಗಿ ಕಡಿಮೆ. ಹೊಸ ಸ್ಪೇಸರನ್ನು ಮೊದಲ 100 ಕಿ.ಮೀ.ಗೆ, ಆಮೇಲೆ 500ಕ್ಕೆ ಮತ್ತೆ ಬಿಗಿಯಬೇಕು ಎನ್ನುವುದು ಈ ಕಾರಣಕ್ಕೆ.

‘ಕಾಲಿಟ್ಟು ನಿಂತು’ ಬಿಗಿಯುವುದರ ಲೆಕ್ಕವನ್ನೂ ಮಾಡಿದೆವು. 60 ಕೆ.ಜಿ. ಆಳು ಒಂದು ಅಡಿ ಉದ್ದದ ಪಾನಾದ ತುದಿಯಲ್ಲಿ ನಿಂತರೆ ಸುಮಾರು 180 ನ್ಯೂಟನ್ ಮೀಟರ್. ಹೇಳಿದ್ದಕ್ಕಿಂತ ಶೇ. 80 ಹೆಚ್ಚು. ಅರ್ಧ ಮೀಟರ್ ಉದ್ದದ ಹಿಡಿಯಲ್ಲಿ 100ಕ್ಕೆ ಬೇಕಾದದ್ದು 20 ಕೆ.ಜಿ.ಯಷ್ಟು ಒತ್ತು, ಒಂದು ಕೈ ಸಾಕು. ಮರೆಗೆ ಎಣ್ಣೆ ಸವರಿದ್ದರೆ ಇನ್ನೂ ಕೆಟ್ಟದ್ದು. ಅದೇ 100ಕ್ಕೆ 4.2ರ ಜಾಗದಲ್ಲಿ 5.6 ಟನ್ ಎಳೆತ ಬೀಳುತ್ತದೆ. ಸಾಧಾರಣ 8.8 ದರ್ಜೆಯ ಸ್ಟಡ್ಡಾದರೆ ಅದು ಮರಳಿ ಕುಗ್ಗದ ಹಾಗೆ ಹಿಗ್ಗುವ ಹಂತದ ಹತ್ತಿರ ಬಂದಿರುತ್ತದೆ. ಅತಿ ಬಿಗಿಯೂ ಸಡಿಲಿಗೇ ದಾರಿ.

ಬಿಲ್ಲೆಯ ಲೋಹದ ಬಗ್ಗೆ ಎರಡು ಮಾತು. 6061-ಟಿ6 ಎಂಬ ಮಿಶ್ರಲೋಹದ ಸರಳಿನಿಂದ ಕಡೆದದ್ದು ಚದರ ಮಿ.ಮೀ.ಗೆ ಸುಮಾರು 276 ನ್ಯೂಟನ್‌ವರೆಗೆ ಬಾಗದೆ ತಡೆಯುತ್ತದೆ. 7075-ಟಿ6 ಸುಮಾರು 500ರವರೆಗೆ. ಹಳೆ ಪಿಸ್ಟನ್ ಕರಗಿಸಿ ಎರಕ ಹೊಯ್ದದ್ದು ಎಷ್ಟು ತಡೆಯುತ್ತದೆ ಎಂದು ಹೊಯ್ದವರಿಗೂ ಗೊತ್ತಿರುವುದಿಲ್ಲ. ಹೊರವ್ಯಾಸ 170, ಹಬ್ಬಿಗೆ ಕೂರುವ ನಡುತೂತು 108, ದಪ್ಪ 30 ಮಿ.ಮೀ. ಇದ್ದರೆ ಒಂದು ಬಿಲ್ಲೆ ಹತ್ತಿರ ಹತ್ತಿರ 1 ಕೆ.ಜಿ. ತೂಗುತ್ತದೆ. ನಡುತೂತಿನ 108 ಹಬ್ಬಿಗೆ ಒತ್ತಾಗಿ ಕೂರಬೇಕು. ಎಲ್ಲ ಗಾಡಿಗೂ ಆಗಲೆಂದು ದೊಡ್ಡ ತೂತು ಕೊರೆದದ್ದನ್ನು ಮುಟ್ಟಬೇಡಿ, ನಡುಕ ಅಲ್ಲಿಂದಲೇ ಹುಟ್ಟುತ್ತದೆ.

ಬೇರಿಂಗಿನ ಲೆಕ್ಕ ಚಿಕ್ಕದು, ಕಠಿಣ. 386 ಕೆ.ಜಿ.ಯನ್ನು 30 ಮಿ.ಮೀ. ಹೊರಗೆ ಸರಿಸಿದರೆ ಬೇರಿಂಗನ್ನು ತಿರುಚುವ ಹೊಸ ಬಲ 114 ನ್ಯೂಟನ್ ಮೀಟರ್. ನಿಂತಲ್ಲೇ ಇರುವ ಗಾಡಿಯ ಪ್ರತಿ ಬೇರಿಂಗಿಗೂ, ಚಕ್ರದ ನಟ್ಟು ಬಿಗಿಯುವಷ್ಟು ಬಲದಲ್ಲಿ ಯಾರೋ ಇಡೀ ದಿನ ಸನ್ನೆ ಹಾಕಿ ಒತ್ತುತ್ತ ನಿಂತ ಹಾಗೆ. ಕೊರಕಲಿಗೆ ಒಂದು ಚಕ್ರ ಧೊಪ್ಪನೆ ಬಿದ್ದು ಎರಡರಷ್ಟು ಭಾರ ಹೊತ್ತರೆ 228. ಸ್ಟೀರಿಂಗಿನ ಕಥೆಯೂ ಇದೇ ಲೆಕ್ಕದ್ದು. ಮುಂಚಕ್ರ ತಿರುಗುವ ಕೀಲಿನಿಂದ ಟಯರಿನ ಮಧ್ಯ 30 ಮಿ.ಮೀ. ದೂರ ಹೋಗುತ್ತದೆ. ಕಲ್ಲಿಗೆ ಒಂದು ಕಡೆಯ ಚಕ್ರ ಬಡಿದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವುದು ಅಷ್ಟು ಹೆಚ್ಚುತ್ತದೆ. ಬೆರಳನ್ನು ಸ್ಟೀರಿಂಗಿನ ಕಡ್ಡಿಯೊಳಗೆ ಸಿಕ್ಕಿಸಿ ಹಿಡಿಯುವ ಅಭ್ಯಾಸ ಇದ್ದವರು ಬಿಡಬೇಕು.

ಸ್ಪೇಸರ್ ಬೇಡ, ಹೊರಗೆ ಚಾಚಿದ ರಿಮ್ಮೇ ಹಾಕುತ್ತೇನೆ ಎನ್ನುವವರಿಗೆ ಒಂದು ಸ್ಪಷ್ಟನೆ. ಕಂಪನಿ ರಿಮ್ಮಿನ ಆಫ್‌ಸೆಟ್, ಅಂದರೆ ಹಬ್ಬಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಹೊರಕ್ಕಿರುವ ದೂರ, 5 ಮಿ.ಮೀ. 30 ಮಿ.ಮೀ. ಸ್ಪೇಸರ್ ಹಾಕಿದರೆ ಅದು ಮೈನಸ್ 25ಕ್ಕೆ ಸಮ. ಮೈನಸ್ 25ರ ರಿಮ್ಮು ತಂದರೂ ಬೇರಿಂಗಿನ ಮೇಲೆ ಬೀಳುವ ಹೊರೆ ಅದೇ 114. ತಪ್ಪುವುದು ಒಳಗಿನ 20 ನಟ್ಟಿನ ಚಿಂತೆ ಮಾತ್ರ. ನನ್ನ ದೃಷ್ಟಿಯಲ್ಲಿ ಆ ಒಂದು ಉಳಿತಾಯಕ್ಕೇ ರಿಮ್ಮು ಮೇಲು.

ಅಗಲದ್ದೂ ಅಳೆದೆವು. ಮೊದಲು ಹಿಂದಿನ ಟಯರುಗಳ ಹೊರ ಅಂಚಿನಿಂದ ಅಂಚಿಗೆ 1,405 ಮತ್ತು 195 ಸೇರಿ 1,600, ಮೈ 1,645. ಟಯರ್ ಎರಡೂ ಕಡೆ 22 ಮಿ.ಮೀ. ಒಳಗಿತ್ತು. ಈಗ 1,465 ಮತ್ತು 215, ಒಟ್ಟು 1,680. ಎರಡೂ ಕಡೆ 17 ಮಿ.ಮೀ. ಹೊರಗೆ. ಮಳೆಗಾಲದಲ್ಲಿ ಬಾಗಿಲಿನ ಹಿಡಿಯವರೆಗೆ ಕೆಸರು ಹಾರುವುದಕ್ಕೆ ಈ 17 ಸಾಕು. ಹಿಂದೆ ಬರುವ ಬೈಕಿನವರ ಮುಖಕ್ಕೆ ಕಲ್ಲು ಹಾರುವುದಕ್ಕೂ ಸಾಕು, ಮಡ್‌ಫ್ಲ್ಯಾಪ್ ಅಗಲ ಮಾಡಿಸದೆ ರಸ್ತೆಗಿಳಿಯುವುದು ತಪ್ಪು.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಲಿಫ್ಟು ಒಂದು, ಸ್ಪೇಸರ್ ಒಂದು ಎಂದು ಎಣಿಸಿದರೆ 10,000. ದಂಡಕ್ಕಿಂತ ದೊಡ್ಡ ನಷ್ಟ ವಿಮೆಯದ್ದು. ಹೇಳದೆ ಮಾಡಿದ ಬದಲಾವಣೆ ಅಪಘಾತದ ದಿನ ತಕರಾರಿಗೆ ಕಾರಣವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಫೋರ್‌ವೀಲ್ ಗಾಡಿ ಊಟ ತಿಂಡಿಯಷ್ಟು ಸಹಜ, ಅಲ್ಲಿನ ವಾಹನ ಬದಲಾವಣೆಯ ಸಂಹಿತೆಯೂ ಕಂಪನಿ ಕೊಡದ ಸ್ಪೇಸರನ್ನು ಒಪ್ಪುವುದಿಲ್ಲ. ಇಂಥ ಗಾಡಿಯ ಟ್ರ್ಯಾಕನ್ನು ರಿಮ್ಮಿನಿಂದ ಹೆಚ್ಚಿಸುವುದಾದರೂ ಮಿತಿ ಒಟ್ಟು 50 ಮಿ.ಮೀ.

ದುಡ್ಡಿನ ಲೆಕ್ಕ ಕೊನೆಗೆ. ದರ ಊರಿಂದೂರಿಗೆ ಬೇರೆ, ಹಾಗಾಗಿ ಹೋಲಿಸಲು ಅನುಕೂಲವಾಗಲೆಂದು ದುಂಡು ಅಂಕಿ ಹಿಡಿದಿದ್ದೇನೆ. ಸರಳಿನಿಂದ ಕಡೆದ ನಾಲ್ಕು ಸ್ಪೇಸರ್ 12,000 ರೂ. ಟಾರ್ಕ್ ಪಾನಾ 3,000; ಇದನ್ನು ಬಿಟ್ಟು ಸ್ಪೇಸರ್ ತರುವುದೇ ಬೇಡ. ಅಗಲದ ಮಡ್‌ಫ್ಲ್ಯಾಪ್ ನಾಲ್ಕು, ಅಲೈನ್‌ಮೆಂಟು ಸೇರಿ 3,000. ಒಟ್ಟು 18,000. ರಿಮ್ಮಿನ ದಾರಿಯಲ್ಲಿ ಒಂದಕ್ಕೆ 7,000 ಎಂದರೆ ನಾಲ್ಕಕ್ಕೆ 28,000. ಹಿಂದಿನ ಬಾಗಿಲಿಗೆ ತೂಗುವ ಸ್ಟೆಪ್ನಿಗೂ ಹೊಂದುವಂಥದ್ದು ಬೇಕು ಎಂದರೆ ಐದಕ್ಕೆ 35,000. ಮೊದಲ ನೋಟಕ್ಕೆ ಸ್ಪೇಸರ್ ಅರ್ಧ ದುಡ್ಡಿನದು.

ಈಗ ಹೊತ್ತು. ಒಂದು ಸಲ ಪರೀಕ್ಷೆ ಎಂದರೆ ಹೊರಗಿನ 20 ನಟ್ಟು ಬಿಚ್ಚಬೇಕು, ಒಳಗಿನ 20 ಬಿಗಿ ನೋಡಬೇಕು, ಹೊರಗಿನ 20 ಮತ್ತೆ ಬಿಗಿಯಬೇಕು. 60 ನಟ್ಟಿನ ಕೆಲಸ, ನಾಲ್ಕು ಸಲ ಜಾಕು. ಅಂಗಳದಲ್ಲಿ ನಮಗೆ ಒಂದೂಕಾಲು ಗಂಟೆ ಹಿಡಿಯಿತು. ವರ್ಷಕ್ಕೆ 12,000 ಕಿ.ಮೀ. ಓಡುವ ಗಾಡಿಗೆ 100ಕ್ಕೆ, 500ಕ್ಕೆ, ಆಮೇಲೆ 5,000ಕ್ಕೊಮ್ಮೆ ಎಂದರೆ ಮೊದಲ ವರ್ಷ ನಾಲ್ಕು ಸಲ, ಐದು ಗಂಟೆ. ನೀರಿಗಿಳಿದು ಬಂದ ದಿನ, ಕೊರಕಲಿಗೆ ಬಿದ್ದ ದಿನ ಬೇರೆ. ಆ ಐದು ಗಂಟೆ ಕೊಡಲಾಗದವರಿಗೆ 18,000 ಅಗ್ಗದ ದಾರಿ ಅಲ್ಲ. ಪಂಕ್ಚರ್ ಅಂಗಡಿಯವನು ಹೊರಗಿನ ಐದು ನಟ್ಟು ಬಿಗಿದು ಕಳಿಸುತ್ತಾನೆ. ಒಳಗೆ ಇನ್ನೂ ಐದು ಇದೆ ಎಂದು ಅವನಿಗೆ ಯಾರು ಹೇಳಬೇಕು?

ಎರಡನೇ ದಿನ ಬೆಳಿಗ್ಗೆ ನಾಲ್ಕೂ ಸ್ಪೇಸರ್ ಬಿಚ್ಚಿ, ಹಬ್ಬಿಗೆ ತಾಗುವ ಮುಖದ ಬಣ್ಣವನ್ನು ಗಾಜಿನ ಮೇಲಿಟ್ಟ ಉಪ್ಪುಕಾಗದದಲ್ಲಿ ಉಜ್ಜಿ ಬರಿಲೋಹ ಮಾಡಿದೆವು. ಹಬ್ಬಿನ ತುಕ್ಕನ್ನು ತಂತಿಬ್ರಶ್ಶಿನಲ್ಲಿ ತೆಗೆದೆವು. ಬಾಗುವ ಪೆಟ್ಟು ತಿಂದ ಹಿಂದಿನ ಎಡಚಕ್ರದ ಐದು ಸ್ಟಡ್ಡನ್ನೂ ಬದಲಾಯಿಸಲು ಹೇಳಿದೆ. ಎರಡೇ ಸಡಿಲವಾಗಿದ್ದರೂ ಉಳಿದ ಮೂರು ಆ ಎರಡರ ಪಾಲನ್ನೂ ಹೊತ್ತಿದ್ದವು. ಕ್ಯಾರಿಯರ್ ಇಳಿದು ಕೊಟ್ಟಿಗೆಯ ಮೂಲೆ ಸೇರಿತು. ಸ್ಪೇಸರನ್ನು ಪೂರ್ತಿ ತೆಗೆಯಿರಿ ಎಂದು ನಾನು ಒತ್ತಾಯಿಸಿದೆ. ಭಾವ ಈ ಮಳೆಗಾಲ ಕಳೆಯಲಿ ಅಂದರು. ಒಣ ಮರೆಗೆ, ನಕ್ಷತ್ರದ ಸಾಲಿನಲ್ಲಿ ಒಂದು ಬಿಟ್ಟು ಒಂದರಂತೆ, 100ಕ್ಕೆ ಟಾರ್ಕ್ ಪಾನಾ ಟಕ್ಕೆನ್ನುವವರೆಗೆ ಅವರ ಕೈಯಲ್ಲೇ ನಲವತ್ತನ್ನೂ ಬಿಗಿ ಮಾಡಿಸಿದೆ. ಬಿಗಿದ ಹಾಗೆಲ್ಲ ಒಳಗಿನ ನಟ್ಟಿನಿಂದ ಬಿಲ್ಲೆಗೆ, ಹೊರಗಿನದರಿಂದ ರಿಮ್ಮಿಗೆ ಬಿಳಿ ಬಣ್ಣದ ಒಂದೊಂದು ಗೆರೆ ಎಳೆದೆವು. ಓಡೋಮೀಟರಿನಲ್ಲಿ 8,340 ಇತ್ತು. ಅಕ್ಕ ಸೀಸದಕಡ್ಡಿಯಲ್ಲಿ ಅಡುಗೆಮನೆಯ ಕ್ಯಾಲೆಂಡರಿನ ಅಂಚಿಗೆ ಬರೆದಳು: 8,440, 8,840, 13,340.